ವಾಯುಪಡೆಯ ಹೆಲಿಕಾಪ್ಟರ್ ಪೈಲಟ್ ಬದುಕು ಹೇಗಿರುತ್ತದೆ? ಫೈಟರ್ ಸಿಗದವರಿಗೆ ಮಾತ್ರ ಹೆಲಿಕಾಪ್ಟರ್ ಕೊಡುತ್ತಾರಾ?

ಪ್ರಶ್ನೆ ಕೇಳಿದವರು ಒಬ್ಬ ತಾಯಿ. ಮಗಳು ದ್ವಿತೀಯ ಪಿಯುಸಿ, ಸೈನ್ಸ್. ವಾಯುಪಡೆ ಸೇರಿ ಹೆಲಿಕಾಪ್ಟರ್ ಹಾರಿಸಬೇಕು ಅಂತ ಹಟ ಹಿಡಿದಿದ್ದಾಳೆ. "ಫೈಟರ್ ಸಿಗದವರಿಗೆ ಹೆಲಿಕಾಪ್ಟರ್ ಕೊಡ್ತಾರೆ, ಅಲ್ಲಿ ಮುಂದೆ ಬರೋಕೆ ಆಗಲ್ಲ" ಅಂತ ನೆಂಟರೊಬ್ಬರು ಹೇಳಿ ಮನೆಯವರ ತಲೆ ಕೆಡಿಸಿದ್ದಾರೆ. ಕೆಲಸ ನಿಜಕ್ಕೂ ಹೇಗಿರುತ್ತದೆ, ಅಪಾಯ ಎಷ್ಟು, ಮದುವೆ ಮಕ್ಕಳ ಕಥೆ ಏನು, ಕೆಲಸ ಬಿಟ್ಟ ಮೇಲೆ ಏನು ಎಂದು ಕೇಳಿದ್ದೀರಿ.

ನಾನು ವಾಯುಪಡೆಯಲ್ಲಿ ಚೇತಕ್, ಚೀತಾ ಎಂಬ ಚಿಕ್ಕ ಹೆಲಿಕಾಪ್ಟರ್‌ಗಳನ್ನು, ಆಮೇಲೆ ದೊಡ್ಡ ಹೆಲಿಕಾಪ್ಟರ್ ಎಂಐ-17 ಹಾರಿಸಿ ನಿವೃತ್ತನಾದವನು. ನೆಂಟರ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಮಾತನ್ನು ನಾನು ನನ್ನ ಸ್ವಂತ ಊರಿನಲ್ಲೂ ಸಾಕಷ್ಟು ಕೇಳಿದ್ದೇನೆ.

ಮೊದಲ ಹಂತದ ತರಬೇತಿ ಎಲ್ಲರಿಗೂ ಒಂದೇ. ಹೈದರಾಬಾದ್ ಪಕ್ಕದ ದುಂಡಿಗಲ್‌ನಲ್ಲಿ ಪಿಲಾಟಸ್ ವಿಮಾನದ ಮೇಲೆ ಕಲಿಸುತ್ತಾರೆ. ಅದು ಮುಗಿದ ಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಮೂರು ದಾರಿ. ಕೆಡೆಟ್ ಹಾರಿಸುವ ರೀತಿ, ಅಂಕ, ಸ್ವಂತ ಇಷ್ಟ, ಆ ಸಲ ಎಲ್ಲಿಗೆ ಎಷ್ಟು ಜನ ಬೇಕು ಅನ್ನುವ ಲೆಕ್ಕ, ಎಲ್ಲ ಸೇರಿ ತೀರ್ಮಾನ ಆಗುತ್ತದೆ. ಫೈಟರ್ ಬಯಸಿ ಹೆಲಿಕಾಪ್ಟರ್‌ಗೆ ಬಂದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೆಲಿಕಾಪ್ಟರನ್ನೇ ಕೇಳಿ ಪಡೆದವರೂ ಇದ್ದಾರೆ. ನಾನು ಎರಡನೆಯ ಗುಂಪಿನವನು.

"ಮುಂದೆ ಬರೋಕೆ ಆಗಲ್ಲ" ಅನ್ನುವವರಿಗೆ ಒಂದೇ ಹೆಸರು ಹೇಳಿ. ಏರ್ ಚೀಫ್ ಮಾರ್ಷಲ್ ಫಾಲಿ ಹೋಮಿ ಮೇಜರ್. 2007ರಿಂದ 2009ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದವರು. ಆ ಕುರ್ಚಿಗೆ ಬಂದ ಮೊದಲ ಹೆಲಿಕಾಪ್ಟರ್ ಪೈಲಟ್. ಆ ಜಾಗಕ್ಕೆ ಹೆಚ್ಚಾಗಿ ಫೈಟರ್‌ನವರೇ ಬರುತ್ತಾರೆ, ಅದೂ ನಿಜ. ಆದರೆ ಬಾಗಿಲಿಗೆ ಬೀಗ ಹಾಕಿಲ್ಲ.

ಅವರನ್ನು ಬರೀ ಹುದ್ದೆಗಾಗಿ ನೆನೆಯುತ್ತಿಲ್ಲ. 1992ರ ಅಕ್ಟೋಬರ್‌ನಲ್ಲಿ ಹಿಮಾಚಲದ ಪರ್ವಾಣೂ ಹತ್ತಿರ ಟಿಂಬರ್ ಟ್ರೇಲ್ ಎಂಬಲ್ಲಿ ಕೇಬಲ್ ಕಾರಿನ ಎಳೆಹಗ್ಗ ತುಂಡಾಯಿತು. ಪ್ರವಾಸಿಗರಿದ್ದ ಗೂಡು ಕಣಿವೆಯ ನಡುವೆ ತಂತಿಗೆ ನೇತುಬಿದ್ದಿತು. ಕೆಳಗೆ ನೋಡಿದರೆ ನದಿ. ಸರಸಾವಾದ 152 ಹೆಲಿಕಾಪ್ಟರ್ ಯೂನಿಟ್‌ನಿಂದ ಎಂಐ-17 ಬಂತು. ಹಾರಿಸಿದವರು ಆಗ ಗ್ರೂಪ್ ಕ್ಯಾಪ್ಟನ್ ಆಗಿದ್ದ ಫಾಲಿ ಮೇಜರ್.

ಇದರ ಕಷ್ಟ ಎಲ್ಲಿದೆ ನೋಡಿ. ಎಂಐ-17ರ ತಲೆಯ ಮೇಲೆ ತಿರುಗುವ ರೆಕ್ಕೆಯ ವ್ಯಾಸ 21 ಮೀಟರ್. ಗೂಡಿನ ಮೇಲೆ ದಪ್ಪ ತಂತಿ. ರೆಕ್ಕೆ ತಂತಿಗೆ ತಾಗಿದರೆ ಎಲ್ಲರ ಕಥೆ ಮುಗಿಯಿತು. ದೂರ ನಿಂತರೆ ಹಗ್ಗದಲ್ಲಿ ಇಳಿಯುವ ಸೈನಿಕ ಗೂಡಿಗೆ ಸಿಗುವುದಿಲ್ಲ. ಹತ್ತಿರ ಬಂದರೆ ರೆಕ್ಕೆಯ ಗಾಳಿಗೆ ಗೂಡು ತೂಗಾಡುತ್ತದೆ. ಪೈಲಟ್‌ಗೆ ತನ್ನ ಹೊಟ್ಟೆ ಕೆಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಬಾಗಿಲಲ್ಲಿ ಮಲಗಿ ಕೆಳಗೆ ನೋಡುವ ಸಿಬ್ಬಂದಿ "ಮುಂದೆ ಸ್ವಲ್ಪ, ಬಲಕ್ಕೆ ಸ್ವಲ್ಪ, ನಿಲ್ಲಿ" ಎಂದು ಕಿವಿಗೆ ಹೇಳುತ್ತಿರಬೇಕು. ಆ ಮಾತನ್ನು ನಂಬಿ ಕೈ ಆಡಿಸಬೇಕು. ಸೇನೆಯ ಮೇಜರ್ ಕ್ರಾಸ್ಟೊ ಹಗ್ಗದಲ್ಲಿ ಗೂಡಿನ ಮೇಲಕ್ಕೆ ಇಳಿದರು, ಒಳಗೆ ಹೋಗಿ ಒಬ್ಬೊಬ್ಬರನ್ನೇ ಪಟ್ಟಿ ಕಟ್ಟಿ ಮೇಲಕ್ಕೆ ಕಳಿಸಿದರು. ಅಷ್ಟರಲ್ಲಿ ಕತ್ತಲಾಯಿತು. ಉಳಿದವರ ಜೊತೆ ರಾತ್ರಿಯೆಲ್ಲ ಆ ಗೂಡಿನಲ್ಲೇ ಕಳೆದು, ಬೆಳಗ್ಗೆ ಹೆಲಿಕಾಪ್ಟರ್ ಬಂದ ಮೇಲೆ ಅವರನ್ನೂ ಕಳಿಸಿ ತಾವು ಬಂದರು. ಅವರಿಗೆ ಕೀರ್ತಿ ಚಕ್ರ, ಫಾಲಿ ಮೇಜರ್‌ಗೆ ಶೌರ್ಯ ಚಕ್ರ ಸಿಕ್ಕಿತು.

ನಮ್ಮ ಕಡೆಯದೇ ಬೇಕಾದರೆ 2022ರ ಫೆಬ್ರುವರಿ ನೆನಪಿಸಿಕೊಳ್ಳಿ. ನಂದಿ ಬೆಟ್ಟದಲ್ಲಿ ಕಾಲೇಜು ಹುಡುಗನೊಬ್ಬ ಜಾರಿ ಬಿದ್ದು ಬಂಡೆಯ ನಡುವೆ ಸಿಕ್ಕಿಕೊಂಡ. ಚಿಕ್ಕಬಳ್ಳಾಪುರದ ಜಿಲ್ಲಾಡಳಿತ ಯಲಹಂಕಕ್ಕೆ ಫೋನ್ ಮಾಡಿತು. ಎಂಐ-17 ಹೋಯಿತು. ಇಳಿಯಲು ಜಾಗವೇ ಇಲ್ಲ. ಹೆಲಿಕಾಪ್ಟರ್ ಸಿಬ್ಬಂದಿಯಲ್ಲೊಬ್ಬನಾದ ಫ್ಲೈಟ್ ಗನ್ನರ್ ಹಗ್ಗದಲ್ಲಿ ಇಳಿದು ಹುಡುಗನನ್ನು ಎತ್ತಿಕೊಂಡು ಬಂದ. ಆ ಸುದ್ದಿ ಟಿವಿಯಲ್ಲಿ ಬಂದಾಗ ಎಲ್ಲರೂ ಹೆಲಿಕಾಪ್ಟರ್ ಹಾರುವುದನ್ನು ನೋಡಿದರು. ನಾನು ನೋಡಿದ್ದು ಅದು ಅಲುಗಾಡದೆ ನಿಂತದ್ದನ್ನು.

ನಿಮ್ಮ ಮಗಳಿಗೆ ಹೇಳಬೇಕಾದ ಮುಖ್ಯ ವಿಷಯ ಇದೇ. ನಮ್ಮ ಕೆಲಸದ ಕಷ್ಟವೆಲ್ಲ ಕೊನೆಯ ಐವತ್ತು ಅಡಿಯಲ್ಲಿದೆ. ಎತ್ತರದಲ್ಲಿ ಹಾರಿಕೊಂಡು ಹೋಗುವುದು ಯಾರಾದರೂ ಕಲಿಯಬಹುದಾದ ಕೆಲಸ. ರನ್‌ವೇ ಇಲ್ಲದ ಕಡೆ, ಯಾರೂ ಅಳತೆ ಮಾಡಿಕೊಡದ ಜಾಗದಲ್ಲಿ, ಇಳಿಯಬೇಕಾ ಬೇಡವಾ ಅಂತ ತೀರ್ಮಾನಿಸಿ, ತೀರ್ಮಾನಿಸಿದಂತೆ ಇಳಿಸುವುದಕ್ಕೆ ವರ್ಷಗಳು ಬೇಕು.

ಕಲಿಯುವುದು ಹೀಗೆ. ದುಂಡಿಗಲ್ ಆದ ಮೇಲೆ ಹಕೀಂಪೇಟೆಯ ಹೆಲಿಕಾಪ್ಟರ್ ತರಬೇತಿ ಶಾಲೆ. ಅಲ್ಲಿ ಚೇತಕ್. ಎಡಗೈಯಲ್ಲಿ ಕಲೆಕ್ಟಿವ್ ಎಂಬ ಹಿಡಿ, ಅದು ಮೇಲೆ ಕೆಳಗೆ. ಬಲಗೈಯಲ್ಲಿ ಸೈಕ್ಲಿಕ್, ಅದು ಹಿಂದೆ ಮುಂದೆ ಅಕ್ಕಪಕ್ಕ. ಕಾಲಲ್ಲಿ ಪೆಡಲ್, ಮೂತಿ ತಿರುಗಿಸಲು. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಸರಿ ಮಾಡಬೇಕು. ಇನ್‌ಸ್ಟ್ರಕ್ಟರ್ ಮೊದಲು ಒಂದೊಂದನ್ನೇ ಕೈಗೆ ಕೊಡುತ್ತಾರೆ. ಮೂರನ್ನೂ ಕೊಟ್ಟ ದಿನ ಇಡೀ ಮೈದಾನ ಸಾಲುವುದಿಲ್ಲ, ಯಂತ್ರ ಎಲ್ಲೆಲ್ಲೋ ಅಲೆಯುತ್ತದೆ. ಬೆವರು ಕಣ್ಣಿಗೆ ಇಳಿಯುತ್ತದೆ. ಆಮೇಲೆ ಒಂದು ಬೆಳಗ್ಗೆ, ಯಾಕೆ ಅಂತ ಗೊತ್ತಾಗುವುದಿಲ್ಲ, ಅದು ನಿಂತುಬಿಡುತ್ತದೆ. ಸೈಕಲ್ ಕಲಿತ ಹಾಗೆ, ಒಮ್ಮೆ ಬಂದರೆ ಮತ್ತೆ ಹೋಗುವುದಿಲ್ಲ.

ಇಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಕಲೆಕ್ಟಿವ್ ಅನ್ನು ಕೂಡಲೇ ಕೆಳಗೆ ಒತ್ತಿದರೆ, ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಹತ್ತಿರವಾದಾಗ ಮೂತಿ ಎತ್ತಿ, ಉಳಿದ ಶಕ್ತಿಯನ್ನೆಲ್ಲ ಒಮ್ಮೆಗೆ ಬಳಸಿ ಕೂರಿಸಬೇಕು. ಇದಕ್ಕೆ ಆಟೊರೊಟೇಶನ್ ಅನ್ನುತ್ತಾರೆ. ಯೋಚನೆ ಮಾಡಲು ಸಿಗುವುದು ಒಂದೆರಡು ಸೆಕೆಂಡ್, ಅದಕ್ಕೇ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. 1972ರಲ್ಲಿ ಫ್ರಾನ್ಸ್‌ನ ಜಾನ್ ಬೂಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದಾಗ ಅಷ್ಟು ಮೇಲೆ ಇಂಜಿನ್ ಆರಿಹೋಯಿತು. ಅಷ್ಟೂ ದೂರವನ್ನು ಆಟೊರೊಟೇಶನ್‌ನಲ್ಲೇ ಇಳಿದು ಬಂದರು. ಆ ಲಾಮಾವನ್ನೇ ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿ ಚೀತಾ ಅಂತ ಕರೆಯಿತು. ಹಿಮಾಲಯಕ್ಕೆ ಹೊಂದುವ ಹೆಲಿಕಾಪ್ಟರ್ ಬೇಕು ಅಂತ ಭಾರತ ಕೇಳಿದ್ದರಿಂದಲೇ ಫ್ರೆಂಚರು ಅದನ್ನು ರೂಪಿಸಿದ್ದು.

ಹಕೀಂಪೇಟೆಯ ನಂತರ ಯಲಹಂಕ. ಅಲ್ಲಿನ 112 ಹೆಲಿಕಾಪ್ಟರ್ ಯೂನಿಟ್‌ನಲ್ಲಿ ದೊಡ್ಡ ಯಂತ್ರಗಳ ಪಾಠ. ಹೆಬ್ಬಾಳ, ದೊಡ್ಡಬಳ್ಳಾಪುರದ ಕಡೆಯವರು ತಲೆಯ ಮೇಲೆ ದಿನಾ ಕೇಳುವ ಆ ಸದ್ದಿನಲ್ಲಿ ಎಷ್ಟೋ ಹುಡುಗ ಹುಡುಗಿಯರ ಮೊದಲ ಎಂಐ-17 ಪಾಠ ಇರುತ್ತದೆ.

ಚೀತಾದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯ ಮೇಲೆ ಹಿಡಿತ ಸಾಧಿಸಲು ಆಪರೇಷನ್ ಮೇಘದೂತ್ ಶುರುವಾಯಿತು. ಅಂದಿನಿಂದ ಸಿಯಾಚಿನ್‌ನ ಎತ್ತರದ ಪೋಸ್ಟ್‌ಗಳು ಹೆಲಿಕಾಪ್ಟರ್ ನಂಬಿಕೊಂಡೇ ಬದುಕಿವೆ. ಲೇಹ್‌ನ 114 ಹೆಲಿಕಾಪ್ಟರ್ ಯೂನಿಟ್‌ಗೆ 'ಸಿಯಾಚಿನ್ ಪಯನಿಯರ್ಸ್' ಎಂಬ ಹೆಸರೇ ಇದೆ. ಇಪ್ಪತ್ತು ಸಾವಿರ ಅಡಿಯ ಹತ್ತಿರ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧದಷ್ಟು. ರೆಕ್ಕೆಗೆ ಹಿಡಿಯಲು ಗಾಳಿ ಇಲ್ಲ, ಇಂಜಿನ್‌ಗೆ ಉಸಿರಿಲ್ಲ. ಆದ್ದರಿಂದ ಕಿಲೋ ಕಿಲೋ ಲೆಕ್ಕ. ಇಂಧನ ಹೋಗಿ ಬರುವಷ್ಟೇ. ಬೇಡದ ವಸ್ತು ಒಂದೂ ಒಳಗಿರಬಾರದು. ತೀರಾ ಎತ್ತರದ ಪೋಸ್ಟ್‌ಗಳಿಗೆ ಒಂದು ಸಲಕ್ಕೆ ಒಂದೆರಡು ಜೆರಿಕ್ಯಾನ್ ಸೀಮೆಎಣ್ಣೆ ಮಾತ್ರ. ಆ ಸೀಮೆಎಣ್ಣೆಯಲ್ಲೇ ಅಲ್ಲಿನ ಹುಡುಗರು ಹಿಮ ಕರಗಿಸಿ ನೀರು ಕುಡಿಯಬೇಕು.

ಬೆಳಕು ಹರಿಯುತ್ತಲೇ ಹೊರಡುತ್ತೇವೆ. ಬಿಸಿಲು ಏರಿದರೆ ಗಾಳಿ ಇನ್ನೂ ತೆಳುವಾಗುತ್ತದೆ, ಕಣಿವೆಯಲ್ಲಿ ಬೀಸುಗಾಳಿ ಶುರುವಾಗುತ್ತದೆ. ಹೆಲಿಪ್ಯಾಡ್ ಅಂದರೆ ಹಿಮ ತುಳಿದು ಗಟ್ಟಿ ಮಾಡಿದ ಚಿಕ್ಕ ಜಾಗ. ಇಳಿಯುತ್ತಿದ್ದಂತೆ ರೆಕ್ಕೆಯ ಗಾಳಿಗೆ ಹಿಮದ ಪುಡಿ ಎದ್ದು ಸುತ್ತಲೂ ಬಿಳಿ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಅದಕ್ಕೇ ಅಂಚಿನಲ್ಲಿ ಒಂದು ಡ್ರಮ್ಮೋ ಬಾವುಟವೋ ಇಟ್ಟಿರುತ್ತಾರೆ. ಕಣ್ಣು ಅದರ ಮೇಲೇ ಇರಬೇಕು. ಇಳಿದ ಮೇಲೂ ಇಂಜಿನ್ ಆರಿಸುವ ಹಾಗಿಲ್ಲ, ಆ ಎತ್ತರದಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಜವಾನರು ಬಗ್ಗಿಕೊಂಡು ಓಡಿ ಬಂದು ಸಾಮಾನು ಎಳೆದುಕೊಳ್ಳುತ್ತಾರೆ, ಹಿಮಗಡಿತ ಆದವನನ್ನು ಒಳಗೆ ಕೂರಿಸುತ್ತಾರೆ, ಕೈಗೆ ಊರಿಗೆ ಬರೆದ ಕಾಗದ ಕೊಡುತ್ತಾರೆ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಮುಖ ಮುಚ್ಚಿಕೊಂಡಿರುವುದರಿಂದ ಅವರ ಕಣ್ಣು ಮಾತ್ರ ಕಾಣುತ್ತದೆ. ಆ ಕಣ್ಣುಗಳಿಗಾಗಿ ನಾನು ಇನ್ನೊಮ್ಮೆ ಬೇಕಾದರೂ ಈ ಕೆಲಸಕ್ಕೆ ಸೇರುತ್ತೇನೆ.

ಅರುಣಾಚಲ ಇನ್ನೊಂದು ಲೋಕ. ಅಲ್ಲಿ ಎತ್ತರಕ್ಕಿಂತ ಮೋಡದ್ದೇ ಚಿಂತೆ. ರಸ್ತೆ ಮುಟ್ಟದ ಹಳ್ಳಿಗಳಿಗೆ ಅಕ್ಕಿ, ಉಪ್ಪು, ಔಷಧಿ, ಚುನಾವಣೆ ಬಂದರೆ ಮತಯಂತ್ರ ಹಿಡಿದ ಮೇಷ್ಟ್ರುಗಳು, ವಾಪಸ್ ಬರುವಾಗ ಹೆರಿಗೆ ನೋವಿನ ಹೆಂಗಸರು. ಹೋಗುವಾಗ ತೆರೆದಿದ್ದ ಕಣಿವೆ ಬರುವಾಗ ಮುಚ್ಚಿರುತ್ತದೆ. ವಾಯುಪಡೆಯ ಹೆಲಿಕಾಪ್ಟರ್ ಅಂದರೆ ಯುದ್ಧ ಅಂದುಕೊಳ್ಳುತ್ತಾರೆ. ಯುದ್ಧವೂ ಇದೆ. 1971ರ ಬಾಂಗ್ಲಾ ಯುದ್ಧದಲ್ಲಿ ಮೇಘನಾ ನದಿಯ ಸೇತುವೆ ಬಳಕೆಗೆ ಇಲ್ಲದಾಗ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಮುಂದಾಳತ್ವದಲ್ಲಿ ಎಂಐ-4 ಹೆಲಿಕಾಪ್ಟರ್‌ಗಳು ಸೈನಿಕರನ್ನು ನದಿ ದಾಟಿಸಿದವು, ಢಾಕಾದ ದಾರಿ ತೆರೆಯಿತು. 1999ರ ಮೇ 28ರಂದು ಕಾರ್ಗಿಲ್‌ನ ತೋಲೋಲಿಂಗ್ ಮೇಲೆ ದಾಳಿಗೆ ಹೋದ ಎಂಐ-17 ಒಂದು ಕ್ಷಿಪಣಿಗೆ ಸಿಕ್ಕಿ ನಾಲ್ವರೂ ತೀರಿಕೊಂಡರು. ಇಂದು ಅಪಾಚೆ, ಪ್ರಚಂಡ್‌ನಂತಹ ದಾಳಿ ಹೆಲಿಕಾಪ್ಟರ್‌ಗಳೇ ಬೇರೆ ಇವೆ. ಆದರೆ ದಿನದ ಕೆಲಸದಲ್ಲಿ ಹೆಚ್ಚು ಪಾಲು ಯಾರಿಗೋ ಏನನ್ನೋ ತಲುಪಿಸುವುದು, ಯಾರನ್ನೋ ಎತ್ತಿಕೊಂಡು ಬರುವುದು. 2019ರಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ನೀರಿನ ಬಕೆಟ್ ತೂಗಿಸಿಕೊಂಡು ಬಂದದ್ದೂ ಎಂಐ-17ಗಳೇ.

ಈಗ ಅಪಾಯದ ಮಾತು. ತಾಯಿಗೆ ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಅಪಾಯ ಇದೆ. 2013ರಲ್ಲಿ ಕೇದಾರನಾಥದ ಪ್ರವಾಹದಲ್ಲಿ ಸಾವಿರಾರು ಜನರನ್ನು ಹೊರಗೆ ತಂದ ಕಾರ್ಯಾಚರಣೆಯಲ್ಲೇ ಜೂನ್ 25ರಂದು ಒಂದು ಎಂಐ-17 ಗೌರಿಕುಂಡದ ಬಳಿ ಬಿದ್ದು 20 ಮಂದಿ ಸತ್ತರು. 2021ರ ಡಿಸೆಂಬರ್ 8ರಂದು ಕೂನೂರಿನಲ್ಲಿ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿತ್ತು. ಯಂತ್ರದಲ್ಲಿ ದೋಷ ಇರಲಿಲ್ಲ, ಕಣಿವೆಯ ಹವೆ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ಅಂದಾಜು ತಪ್ಪಿತು ಅಂತ ತನಿಖೆ ಹೇಳಿತು. ಬೆಟ್ಟದಲ್ಲಿ ಮೋಡ ನಮ್ಮ ಮೊದಲ ಶತ್ರು. ಹಿಂದೆ ಯಾರು ಕೂತಿದ್ದರೂ, ಎಷ್ಟು ದೊಡ್ಡವರಾದರೂ, "ಇವತ್ತು ಆಗುವುದಿಲ್ಲ, ವಾಪಸ್ ಹೋಗೋಣ" ಅನ್ನುವ ಅಧಿಕಾರ ಕ್ಯಾಪ್ಟನ್‌ದು. ಅದನ್ನು ಬಳಸುವ ಗಟ್ಟಿತನ ಇರುವವರು ಈ ಕೆಲಸಕ್ಕೆ ಬರಬೇಕು. ಹಟಮಾರಿ ಹುಡುಗಿ ಅಂದಿರಲ್ಲ, ಅದು ಒಳ್ಳೆಯದೇ. ಬೇಡ ಅನ್ನುವುದರಲ್ಲೂ ಅಷ್ಟೇ ಹಟ ಇರಲಿ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಬೇಸರದ್ದು. ಚೀತಾ, ಚೇತಕ್ ಐವತ್ತು, ಅರುವತ್ತರ ದಶಕಗಳ ವಿನ್ಯಾಸಗಳು. ಇಷ್ಟು ವರ್ಷ ದುಡಿದ ಯಂತ್ರಗಳ ಬಗ್ಗೆ ಗೌರವ ಇದೆ, ಆದರೆ ಈ ಕಾಲದ ಹುಡುಗರಿಗೆ ಈ ಕಾಲದ ಯಂತ್ರ ಕೊಡಬೇಕು. ಬದಲಿಗೆಂದು ರೂಪಿಸಿದ ಲಘು ಹೆಲಿಕಾಪ್ಟರ್ 2016ರಲ್ಲೇ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. 2023ರ ಫೆಬ್ರುವರಿಯಲ್ಲಿ ತುಮಕೂರಿನ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು. ಗುಬ್ಬಿಯಿಂದ ಹೊರಟ ಹೆಲಿಕಾಪ್ಟರ್‌ಗಳು ಸಿಯಾಚಿನ್‌ನ ಪೋಸ್ಟ್‌ಗಳಿಗೆ ಸಾಲಾಗಿ ಹೋಗುವುದನ್ನು ನೋಡುವ ಆಸೆ ನನಗಿದೆ.

ಸಂಸಾರದ ಬಗ್ಗೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಮೋಹನಬಾರಿ, ಸೂಲೂರು, ಜಾಮ್‌ನಗರ, ಎಲ್ಲಿಗೆ ಬೇಕಾದರೂ. ಕೆಲವು ಜಾಗಕ್ಕೆ ಮನೆಯವರನ್ನು ಕರೆದುಕೊಂಡು ಹೋಗುವಂತಿಲ್ಲ. ಮಕ್ಕಳು ಕೇಂದ್ರೀಯ ವಿದ್ಯಾಲಯಗಳನ್ನು ಬದಲಿಸುತ್ತಲೇ ಬೆಳೆಯುತ್ತಾರೆ. ಸ್ವಂತ ಕೆಲಸ ಇರುವ ಗಂಡನಿಗೋ ಹೆಂಡತಿಗೋ ಇದು ಕಷ್ಟ, ಮದುವೆಗೆ ಮುಂಚೆಯೇ ಬಿಚ್ಚಿ ಮಾತಾಡಬೇಕು. ಊರ ಜಾತ್ರೆ, ತಂಗಿಯ ಸೀಮಂತ ತಪ್ಪುತ್ತವೆ. ಆದರೆ ಕ್ಯಾಂಪಿನೊಳಗೆ ಯಾರೂ ಒಂಟಿಯಲ್ಲ. ಗಂಡ ಮುಂಚೂಣಿಯಲ್ಲಿದ್ದಾಗ ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯವರು ನಡುರಾತ್ರಿ ಗಾಡಿ ತೆಗೆಯುತ್ತಾರೆ, ಅವರು ಪಂಜಾಬಿನವರೋ ಮಣಿಪುರದವರೋ ಅಂತ ಯಾರೂ ಯೋಚಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯ ನೀವು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ವಾಯುಪಡೆಯಲ್ಲಿ ಮಹಿಳೆಯರು ತೊಂಬತ್ತರ ದಶಕದಿಂದಲೇ ಹೆಲಿಕಾಪ್ಟರ್ ಹಾರಿಸುತ್ತಿದ್ದಾರೆ, ಫೈಟರ್‌ಗೆ ಬಂದದ್ದು 2016ರಲ್ಲಿ. ಅಂದರೆ ನಿಮ್ಮ ಮಗಳು ಹೊಸ ದಾರಿ ಕಡಿಯಬೇಕಾಗಿಲ್ಲ. ಕಾಕ್‌ಪಿಟ್‌ನಲ್ಲಿ ಎಷ್ಟು ಚೆನ್ನಾಗಿ ಹಾರಿಸುತ್ತೀರಿ ಅನ್ನುವುದೊಂದೇ ಲೆಕ್ಕಕ್ಕೆ ಬರುತ್ತದೆ.

ಸೇರುವ ದಾರಿ ಎರಡು. ಒಂದು ಎನ್‌ಡಿಎ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ. ಪಿಯುಸಿ ಸಾಕು, ಫಿಸಿಕ್ಸ್, ಕೆಮಿಸ್ಟ್ರಿ ಮತ್ತು ಗಣಿತ ಇರಬೇಕು. ಹುಡುಗಿಯರಿಗೆ 2022ರಿಂದ ತೆರೆದಿದೆ. 2025ರ ಮೇನಲ್ಲಿ ಅವರ ಮೊದಲ ತಂಡ ಹೊರಬಂತು. ಹುಡುಗಿಯರಿಗೆ ಫ್ಲೈಯಿಂಗ್‌ನಲ್ಲಿ ಬೆರಳೆಣಿಕೆಯಷ್ಟು ಸೀಟು, ಸ್ಪರ್ಧೆ ಜೋರು. ಎರಡನೆಯದು ಡಿಗ್ರಿ ಅಥವಾ ಬಿಇ ಮುಗಿಸಿ ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆ. 20ರಿಂದ 24 ವಯಸ್ಸಿನೊಳಗೆ. ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಇದೆ, ಕೋಚಿಂಗ್ ಸೆಂಟರ್‌ನವರು ಇದನ್ನು ಒತ್ತಿ ಹೇಳುವುದಿಲ್ಲ. ಎನ್‌ಡಿಎಯಿಂದ ಬಂದರೆ ಪರ್ಮನೆಂಟ್ ಕಮಿಷನ್, ಅಂದರೆ ಕಾಯಂ ನೇಮಕ, 20 ವರ್ಷ ಸೇವೆ ಆದರೆ ಪೆನ್ಶನ್. ಎಎಫ್‌ಕ್ಯಾಟ್‌ನಿಂದ ಫ್ಲೈಯಿಂಗ್‌ಗೆ ಬಂದರೆ 14 ವರ್ಷದ ಶಾರ್ಟ್ ಸರ್ವಿಸ್, ಪೆನ್ಶನ್ ಇಲ್ಲ. ಹೊರಬರುವಾಗ ವಯಸ್ಸು ನಲವತ್ತರ ಒಳಗೆ. ಮೊದಲ ವರ್ಷದಿಂದಲೇ ಹಣ ಕೂಡಿಡಬೇಕು.

ಸಂಬಳ ಏಳನೇ ವೇತನ ಆಯೋಗದ ಪ್ರಕಾರ ಮೂಲ 56,100 ರೂಪಾಯಿಯಿಂದ ಶುರು, ಮೇಲೆ ಮಿಲಿಟರಿ ಸೇವಾ ವೇತನ 15,500, ಜೊತೆಗೆ ಫ್ಲೈಯಿಂಗ್ ಭತ್ಯೆ, ತುಟ್ಟಿಭತ್ಯೆ ಇತ್ಯಾದಿ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೆ ಒಳ್ಳೆಯ ಸಂಬಳವೇ.

ಬಡ್ತಿ ಆಚೆಗೂ ಬೆಳೆಯುವ ದಾರಿಗಳಿವೆ. ತಾಂಬರಂನಲ್ಲಿ ಕಲಿತು ಇನ್‌ಸ್ಟ್ರಕ್ಟರ್ ಆಗಬಹುದು. ಬೆಂಗಳೂರಿನಲ್ಲಿ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ವಾಯುಪಡೆಯ ಸಂಸ್ಥೆ ಎಎಸ್‌ಟಿಇಯಲ್ಲಿ ಟೆಸ್ಟ್ ಪೈಲಟ್ ಆಗಬಹುದು. ಏರೋ ಇಂಡಿಯಾದಲ್ಲಿ ನೋಡಿರುತ್ತೀರಿ, ನವಿಲಿನ ಬಣ್ಣದ ಧ್ರುವ್ ಹೆಲಿಕಾಪ್ಟರ್‌ಗಳ ಸಾರಂಗ್ ತಂಡ, ಅಲ್ಲಿಗೂ ಆಯ್ಕೆಯಾಗಬಹುದು. ಸೇವೆಯಿಂದ ಹೊರಬಂದವರು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ಮುಂಬೈ ಕಡಲಿನ ಎಣ್ಣೆ ಬಾವಿಗಳಿಗೆ, ಏರ್ ಆಂಬುಲೆನ್ಸ್‌ಗೆ, ಯಾತ್ರಾಸ್ಥಳಗಳ ಸೇವೆಗೆ ಹಾರಿಸುತ್ತಾರೆ. ಏರ್‌ಲೈನ್‌ಗೆ ಹೋಗಬೇಕಾದರೆ ವಿಮಾನದ ಲೈಸೆನ್ಸ್ ಬೇರೆ ಮಾಡಬೇಕು, ಅದಕ್ಕೆ ಖರ್ಚು ಜಾಸ್ತಿ. ಈ ಒಂದು ವಿಷಯದಲ್ಲಿ ಟ್ರಾನ್ಸ್‌ಪೋರ್ಟ್ ಪೈಲಟ್‌ಗಳಿಗೆ ನಮಗಿಂತ ಅನುಕೂಲ ಇದೆ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಒಳ್ಳೆಯ ಕಣ್ಣಿನ ಡಾಕ್ಟರಿಗೆ ತೋರಿಸಿ, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಎತ್ತರ ಅಳೆಯಿರಿ, ಫ್ಲೈಯಿಂಗ್‌ಗೆ ಕನಿಷ್ಠ 162.5 ಸೆಂಟಿಮೀಟರ್ ಬೇಕು. ಕಾಲಿನ ಉದ್ದಕ್ಕೂ ಮಿತಿ ಇದೆ. ಇದರಲ್ಲಿ ತೊಂದರೆ ಇದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಎಲ್ಲ ಸರಿ ಇದ್ದರೆ ಎನ್‌ಡಿಎ ಅರ್ಜಿ ಹಾಕಿಸಿ, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಬರೆದು ಪಾಸಾದರೆ ಸಂದರ್ಶನ. ವಾಯುಪಡೆಯ ಆಯ್ಕೆ ಮಂಡಳಿ ಮೈಸೂರಿನಲ್ಲೂ ಇದೆ. ಆಮೇಲೆ ಸಿಪಿಎಸ್‌ಎಸ್ ಎಂಬ ಪೈಲಟ್ ಅರ್ಹತೆಯ ಕಂಪ್ಯೂಟರ್ ಪರೀಕ್ಷೆ. ಅದಕ್ಕೆ ಜೀವನದಲ್ಲಿ ಒಂದೇ ಅವಕಾಶ, ಫೇಲಾದರೆ ಮತ್ತೆ ಯಾವ ದಾರಿಯಿಂದಲೂ ಫ್ಲೈಯಿಂಗ್‌ಗೆ ಬರಲಾಗದು. ಅದಕ್ಕೆ ಬಾಯಿಪಾಠ ನಡೆಯುವುದಿಲ್ಲ. ಹಿಂದಿನ ರಾತ್ರಿ ಓದಿಕೊಂಡು ಕೂರಲು ಬಿಡಬೇಡಿ, ಬೇಗ ಮಲಗಿಸಿ. ಸಂದರ್ಶನದ ಐದು ದಿನ ಏನೇನು ನಡೆಯುತ್ತದೆ ಅಂತ ಮಗಳಿಗೆ ತಿಳಿಯಬೇಕಾದರೆ ಕೆಳಗೆ ಕೇಳಲಿ, ಅವಳಿಗೇ ನೇರವಾಗಿ ಬರೆಯುತ್ತೇನೆ.